ಹೆಸರಿಗೆ ತವರಂಗಳ, ನೆಲ ಮಾತ್ರ ಎದುರಾಳಿಯದು

ಆಫ್ರಿಕಾ ಫುಟ್‌ಬಾಲ್ ಒಕ್ಕೂಟದ ಅಧ್ಯಕ್ಷರಾದ ಪಾಟ್ರಿಸ್ ಮೋಟ್ಸೆಪೆ ಅವರಿಗೆ,

ನಮಸ್ಕಾರ.

2025ರ ಅಕ್ಟೋಬರ್ 10ರಂದು ವಿಶ್ವಕಪ್ ಅರ್ಹತಾ ಪಂದ್ಯಕ್ಕೆ ಝಿಂಬಾಬ್ವೆ ಆತಿಥೇಯ, ದಕ್ಷಿಣ ಆಫ್ರಿಕಾ ಅತಿಥಿ. ಪಂದ್ಯ ನಡೆದದ್ದು ಡರ್ಬನ್‌ನಲ್ಲಿ, ಮೋಸೆಸ್ ಮಭಿದಾ ಕ್ರೀಡಾಂಗಣದ ಆ ದೊಡ್ಡ ಕಮಾನಿನಡಿ. ನೆಂಟರ ಮನೆಯಲ್ಲೇ ಎಲೆ ಹಾಕಿ ನೆಂಟರಿಗೆ ಬಡಿಸಿದ ಹಾಗೆ! ಹರಾರೆಯ ಮೈದಾನಕ್ಕೆ ನಿಮ್ಮ ಒಪ್ಪಿಗೆ ಇರಲಿಲ್ಲ, ಸರಿ. ಆದರೆ ಇದೇ ಝಿಂಬಾಬ್ವೆ 2023ರಲ್ಲಿ ನೈಜೀರಿಯಾವನ್ನು ಎದುರಿಸಿದ್ದು ರುವಾಂಡಾದಲ್ಲಿ. ತಟಸ್ಥ ತಾಣ ಅಂದರೆ ಅದು.

ಲೆಸೊಥೊ ಕಥೆ ಇನ್ನೂ ವಿಚಿತ್ರ. 2025ರ ಸೆಪ್ಟೆಂಬರ್ 5ರಂದು ಅದರ ‘ತವರು’ ಪಂದ್ಯ ಎದುರಾಳಿ ದಕ್ಷಿಣ ಆಫ್ರಿಕಾದ್ದೇ ಊರಾದ ಬ್ಲೂಮ್‌ಫಾಂಟೀನ್‌ನಲ್ಲಿ ನಡೆದು, 0-3ರ ಸೋಲು. ಗೆದ್ದವರು ಪೆಟ್ಟಿಗೆ ಕಟ್ಟುವ ಗೋಜಿಗೂ ಹೋಗಬೇಕಿರಲಿಲ್ಲ. ನಾಲ್ಕೇ ದಿನಕ್ಕೆ ಅದೇ ಊರಿನಲ್ಲಿ ತಾವೇ ಆತಿಥೇಯರಾಗಿ ನೈಜೀರಿಯಾ ವಿರುದ್ಧ ಇಳಿದರು. ನೈಜೀರಿಯಾದವರೋ, 6ರಂದು ತಮ್ಮ ದೇಶದ ಉಯೊದಲ್ಲಿ ರುವಾಂಡಾ ಜೊತೆ ಆಡಿ, ಅರ್ಧ ಖಂಡ ದಾಟಿ ಬಂದವರು. ಪಂದ್ಯ 1-1.

ಲೆಕ್ಕ ಹಾಕಿ ನೋಡಿ: ಅರ್ಹತಾ ಸುತ್ತಿನ ಹತ್ತರಲ್ಲಿ ಏಳು ಪಂದ್ಯ ದಕ್ಷಿಣ ಆಫ್ರಿಕಾ ತನ್ನ ನೆಲದಲ್ಲೇ ಆಡಿತು. ಕೊನೆಗೆ ಗುಂಪಿನ ಅಂಕಪಟ್ಟಿಯಲ್ಲಿ ಅದಕ್ಕೆ 18, ನೈಜೀರಿಯಾಕ್ಕೆ 17, ಬೆನಿನ್‌ಗೂ 17. ಆ ಬೆನಿನ್ ತನ್ನ ತವರು ಪಂದ್ಯಗಳಿಗೆ ಐವರಿ ಕೋಸ್ಟ್‌ನ ಅಬಿಜಾನ್‌ಗೆ ಅಲೆದ ತಂಡ.

ದಕ್ಷಿಣ ಆಫ್ರಿಕಾದ ಆಟಗಾರರನ್ನು ನಾನು ದೂರುತ್ತಿಲ್ಲ. ಅಮಾನತಾಗಿದ್ದ ಆಟಗಾರನನ್ನು ಇಳಿಸಿದ್ದಕ್ಕೆ 3 ಅಂಕ ಕಳೆದುಕೊಂಡೂ ಅಗ್ರಸ್ಥಾನಕ್ಕೇರಿದವರು ಅವರು. ಡರ್ಬನ್‌ನಲ್ಲಂತೂ ಝಿಂಬಾಬ್ವೆ 0-0ಕ್ಕೆ ಕಟ್ಟಿಹಾಕಿತು. ನೀವು ಆ ದೇಶದವರೆಂದು ನಿಮ್ಮ ಮೇಲೂ ಗುಮಾನಿಯಿಲ್ಲ. ಲೆಸೊಥೊಗೆ ಸುತ್ತಲೂ ಇರುವುದು ದಕ್ಷಿಣ ಆಫ್ರಿಕಾ ಒಂದೇ. ಬೇರೆಡೆ ಹೋಗಬೇಕೆಂದರೆ ವಿಮಾನದ ಖರ್ಚು. ಬಡ ಮಂಡಳಿಗಳು ಹತ್ತಿರದ, ಅಗ್ಗದ ಮೈದಾನ ಹುಡುಕುವುದು ಸಹಜವೇ.

ಯುದ್ಧದಿಂದ ಊರು ಬಿಟ್ಟ ಸುಡಾನ್ ಲಿಬಿಯಾದ ಬೆಂಗಾಜಿಯಲ್ಲಿ ಆಡಿ, 2024ರಲ್ಲಿ ಘಾನಾವನ್ನು 2-0ರಿಂದ ಮಣಿಸಿತಲ್ಲ, ಅಂಥ ತಂಡಕ್ಕೆ ಪರನಾಡಿನ ಮೈದಾನವೇ ಆಸರೆ. ತಟಸ್ಥ ತಾಣ ಬೇಡವೆಂದು ಯಾರೂ ಹೇಳುತ್ತಿಲ್ಲ. ಅದು ತಟಸ್ಥವಾಗಿರಲಿ ಎನ್ನುವುದಷ್ಟೇ ನನ್ನ ತಕರಾರು.

ವಿಶ್ವಕಪ್ ಅರ್ಹತಾ ಸುತ್ತು ಫಿಫಾದ್ದು ಎನ್ನಬೇಡಿ, ನೀವು ಅಲ್ಲಿಯೂ ಉಪಾಧ್ಯಕ್ಷರು. ಎದುರಾಳಿಯ ದೇಶದಲ್ಲಿ ತವರು ಪಂದ್ಯ ಆಡುವಂತಿಲ್ಲ ಎಂದು ನಿಯಮಾವಳಿಯಲ್ಲಿ ಒಂದು ಸಾಲು ಬರೆಸಿ. ಹಾಗೆ ದೂರ ಹೋಗುವ ತಂಡದ ವಿಮಾನದ ಟಿಕೆಟ್ಟಿಗೆ ಒಕ್ಕೂಟದ ಗಂಟು ಬಿಚ್ಚಿ.

ಇಂತಿ,
ಆಫ್ರಿಕಾದ ಆಟವನ್ನು ದೂರದಿಂದಲೇ ನೋಡುವ ಕನ್ನಡದ ಒಬ್ಬ ಅಭಿಮಾನಿ