ಹಂದಿ ಅಂಗದ ಕಸಿ: ಮುಂದಿನ ಸುದ್ದಿಯೂ ಬರಲಿ

ಮಾನ್ಯರೇ,

ಹಂದಿಯ ಅಂಗವನ್ನು ಮನುಷ್ಯನಿಗೆ ಕಸಿ ಮಾಡಿದ ದಿನದ ಸುದ್ದಿಗೆ ಸಿಗುವ ಜಾಗ ಆ ರೋಗಿಯ ಮುಂದಿನ ಸ್ಥಿತಿಗೆ ಸಿಗುತ್ತಿಲ್ಲ. 2022ರ ಜನವರಿಯಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ 10 ವಂಶವಾಹಿ ಮಾರ್ಪಾಡುಗಳಿದ್ದ ಹಂದಿಯ ಹೃದಯವನ್ನು ಡೇವಿಡ್ ಬೆನೆಟ್ ಅವರಿಗೆ ಜೋಡಿಸಿದ್ದು ದೊಡ್ಡ ಸುದ್ದಿಯಾಯಿತು. ಎರಡೇ ತಿಂಗಳಲ್ಲಿ ಅವರು ತೀರಿಕೊಂಡದ್ದು, ಕಸಿಪೂರ್ವ ಪರೀಕ್ಷೆಗಳ ಕಣ್ಣು ತಪ್ಪಿಸಿದ್ದ ಹಂದಿಯ ವೈರಾಣು ಅವರಲ್ಲಿ ಪತ್ತೆಯಾದದ್ದು ಎಷ್ಟು ಜನರಿಗೆ ಗೊತ್ತು? 2024ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಕಸಿ ಮಾಡಿದ ಮೂತ್ರಪಿಂಡವನ್ನೂ 130 ದಿನಗಳ ನಂತರ ತೆಗೆಯಬೇಕಾಯಿತು (ಅಷ್ಟು ದಿನ ಅದು ಕೆಲಸ ಮಾಡಿದ್ದೇನೂ ಸಣ್ಣ ಸಾಧನೆಯಲ್ಲ). ವಾರಕ್ಕೆ ಮೂರು ಬಾರಿ ಡಯಾಲಿಸಿಸ್ ಕುರ್ಚಿಯಲ್ಲಿ ನಾಲ್ಕು ತಾಸು ಕೂರುವವರು ಇಂತಹ ವರದಿಗಳನ್ನು ಆಸೆಯಿಂದ ಕತ್ತರಿಸಿಟ್ಟುಕೊಳ್ಳುತ್ತಾರೆ. ಆದ್ದರಿಂದ ಪ್ರತಿ ವರದಿಯ ಜೊತೆಗೆ ಹಿಂದಿನ ಪ್ರಕರಣಗಳ ಫಲಿತಾಂಶವನ್ನೂ, ಆರು ತಿಂಗಳ ಬಳಿಕ ಆ ರೋಗಿಯ ಸ್ಥಿತಿಯನ್ನೂ ಪತ್ರಿಕೆ ಪ್ರಕಟಿಸಲಿ.

– ಓದುಗ, ಧಾರವಾಡ