ಚಕ್ಕೋತದ ಮೇಲೆ ಗೂಬೆ ಕೂರಿಸಬೇಡಿ

ಮಾನ್ಯ ಸಂಪಾದಕರೇ,

ನಾನು ಬದಿಯಡ್ಕದ ಹತ್ತಿರ ಸಣ್ಣದೊಂದು ಟೈಲರಿಂಗ್ ಅಂಗಡಿ ಇಟ್ಟುಕೊಂಡವಳು. ರವಿಕೆಯ ಅಳತೆ ಕೊಡಲು ಬಂದ ಹೆಂಗಸರು ಅಳತೆ ಮುಗಿದ ಮೇಲೂ ಅರ್ಧ ಗಂಟೆ ಕೂತುಬಿಡುತ್ತಾರೆ, ಆಗ ಬರುವ ಮಾತುಗಳೇ ಬೇರೆ. ಈ ವಾರವಿಡೀ ಒಂದೇ ಮಾತು. ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ್ದಾರೆ, ಮಕ್ಕಳಾಗದಂತೆ ಗುಳಿಗೆ ತಗೊಳ್ಳುವವರು ಚಕ್ಕೋತ, ಪಪ್ಪಾಯಿ, ಮೊಸರು, ಎಳನೀರು, ಕಾಫಿ ಯಾವುದನ್ನೂ ಮುಟ್ಟಬಾರದಂತೆ, ಮುಟ್ಟಿದರೆ ಗುಳಿಗೆಯ ಶಕ್ತಿ ಹೋಗುತ್ತದಂತೆ. ಕೆಳಗೆ 'ಹತ್ತು ಜನರಿಗೆ ಕಳಿಸಿ' ಅಂತ. ನನಗೇ ಮೂರು ಕಡೆಯಿಂದ ಬಂತು. ಇದನ್ನು ಓದಿ ಸುಮ್ನೆ ಇರಲು ನನ್ನಿಂದ ಆಗಲಿಲ್ಲ, ಯಾಕೆಂದರೆ ಇದೇ ಚಕ್ಕೋತದ ಕಥೆಯಲ್ಲಿ ನಮ್ಮ ಮನೆಯಲ್ಲಿ ಒಂದು ಇಡೀ ಮಳೆಗಾಲ ಜಗಳದಲ್ಲೇ ಕಳೆದಿದೆ.

ನನ್ನ ನಾದಿನಿಯ ವಿಷಯ. ಮೊದಲ ಮಗುವಿಗೆ ಒಂದೂವರೆ ವರ್ಷ ಆಗಿತ್ತು, ಇನ್ನೊಂದು ಈಗಲೇ ಬೇಡ ಅಂತ ಅವಳು ದಿನಾ ಗುಳಿಗೆ ತಗೊಳ್ಳುತ್ತಿದ್ದಳು, ಒಂದು ದಿನವೂ ತಪ್ಪಿಸುತ್ತಿರಲಿಲ್ಲ, ರಾತ್ರಿ ಊಟದ ನಂತರ ಫೋನಿನಲ್ಲಿ ಅಲಾರಾಂ ಇಟ್ಟು ನುಂಗುವವಳು. ಆದರೂ ಮುಟ್ಟು ನಿಂತಿತು. ಪರೀಕ್ಷೆ ಮಾಡಿದರೆ ಎರಡು ಗೆರೆ. ಮನೆಯಲ್ಲಿ ವಿಚಾರಣೆ ಶುರುವಾಯಿತು. ಅವಳ ಅತ್ತೆಗೆ ಗುಳಿಗೆಯ ವಿಷಯ ಗೊತ್ತಾದದ್ದೇ ಆಗ. ಆಮೇಲೆ ಅವರೇ ಕಾರಣ ಹುಡುಕಿದರು. ಗುಳಿಗೆ ಅಂದರೆ ಉಷ್ಣ, ಇವಳು ದಿನಾ ಎಳನೀರು ಕುಡಿದು, ತೋಟದ ಚಕ್ಕೋತ ತಿಂದು ಆ ಉಷ್ಣವನ್ನೆಲ್ಲ ಇಳಿಸಿಬಿಟ್ಟಿದ್ದಾಳೆ! ಕೇಳಿದವರೆಲ್ಲ ಹೌದು ಹೌದು ಅಂದರು. ನಾನೂ ಅಂದಿದ್ದೆ, ಸುಳ್ಳು ಯಾಕೆ ಹೇಳಲಿ.

ಅಸಲಿ ಕಾರಣ ಕಪಾಟಿನಲ್ಲಿತ್ತು. ಅದಕ್ಕೆ ಮೂರು ತಿಂಗಳ ಹಿಂದೆ ಅವಳ ಕುತ್ತಿಗೆಯಲ್ಲಿ ಗಂಟು ಬಂದಿತ್ತು, ತೋರಿಸಿದಾಗ ಟಿ.ಬಿ. ಅಂದರು. ಕೆಮ್ಮು ಇಲ್ಲ, ಕಫ ಇಲ್ಲ, ಆದರೂ ಟಿ.ಬಿ. (ಗಂಟಿನ ಟಿ.ಬಿ. ಯಾರಿಗೂ ಅಂಟುವುದಿಲ್ಲ, ಆದರೆ ಹೆಸರು ಕೇಳಿದರೆ ಸಾಕು, ನಮ್ಮ ಕಡೆ ಲೋಟ ಬೇರೆ ಇಡುತ್ತಾರೆ.) 6 ತಿಂಗಳ ಗುಳಿಗೆ, ಸರ್ಕಾರದಿಂದ ಪುಕ್ಕಟೆ. ಅವಳು ಟಿ.ಬಿ.ಯನ್ನು ಊರಿನಿಂದ ಮುಚ್ಚಿಟ್ಟಳು, ಮಕ್ಕಳಾಗದಂತೆ ತಗೊಳ್ಳುವ ಈ ಗುಳಿಗೆಯನ್ನು ಅತ್ತೆಯಿಂದ ಮುಚ್ಚಿಟ್ಟಳು. ಟಿ.ಬಿ. ಗುಳಿಗೆ ಕೊಟ್ಟವರಿಗೆ ಈ ಗುಳಿಗೆಯ ವಿಷಯ ಗೊತ್ತಿಲ್ಲ, ಈ ಗುಳಿಗೆ ತಂದುಕೊಡುತ್ತಿದ್ದ ಅಕ್ಕನಿಗೆ ಟಿ.ಬಿ. ವಿಷಯ ಗೊತ್ತಿಲ್ಲ. ಎರಡೂ ಒಂದೇ ಸೀರೆಯ ಅಡಿಯಲ್ಲಿ ಇದ್ದವು.

ಕೊನೆಗೆ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಸ್ಕ್ಯಾನಿಂಗಿಗೆ ಹೋದಾಗ ವಯಸ್ಸಾದ ನರ್ಸೊಬ್ಬರು ಕೇಳಿದರು, "ಬೇರೆ ಏನು ಮದ್ದು ತಗೊಳ್ಳುತ್ತೀಯಮ್ಮ? ಮೂತ್ರ ಕೇಸರಿ ಬಣ್ಣಕ್ಕೆ ಹೋಗುತ್ತದಾ?" ಹೋಗುತ್ತಿತ್ತು. ಅದು ರಿಫಾಂಪಿಸಿನ್ ಅನ್ನುವ ಟಿ.ಬಿ. ಮದ್ದಿನ ಗುರುತು. ಅಷ್ಟು ದಿನದಲ್ಲಿ ಅವಳನ್ನು ಆ ಪ್ರಶ್ನೆ ಕೇಳಿದವರು ಅವರೊಬ್ಬರೇ.

ಆಮೇಲೆ ನಾನು ಸಿಕ್ಕ ಸಿಕ್ಕ ಡಾಕ್ಟರ್, ನರ್ಸ್ ಹತ್ತಿರ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ, ಎಸ್ಸೆಸ್ಸೆಲ್ಸಿ ಓದಿದವಳು, ಆದರೆ ಕೇಳಲು ನಾಚಿಕೆ ಇಲ್ಲ.

ಗುಳಿಗೆಯಲ್ಲಿರುವ ಹಾರ್ಮೋನನ್ನು ಕರುಳಿನಲ್ಲಿ, ಲಿವರಿನಲ್ಲಿ ಇರುವ ಒಂದು ಬಗೆಯ ಕಿಣ್ವ ಸ್ವಲ್ಪ ಸ್ವಲ್ಪವೇ ಅರೆದು ಮುಗಿಸುತ್ತದೆ. ನಮ್ಮ ಅಕ್ಕಿ ಗಿರಣಿ ಇದ್ದ ಹಾಗೆ ಅಂತಿಟ್ಟುಕೊಳ್ಳಿ. ರಿಫಾಂಪಿಸಿನ್ ಈ ಗಿರಣಿಯನ್ನು ಹಗಲು ರಾತ್ರಿ ಓಡಿಸುತ್ತದೆ. ರಾತ್ರಿ ನುಂಗಿದ ಹಾರ್ಮೋನು ಬೇಗ ಖಾಲಿ, ಮರುದಿನದ ಗುಳಿಗೆಯ ತನಕ ಸಾಲುವುದಿಲ್ಲ. ಟಿ.ಬಿ. ಮದ್ದು ಮುಗಿಸಿದ ಮೇಲೂ ಸುಮಾರು 4 ವಾರ ಗಿರಣಿಯ ಓಟ ನಿಲ್ಲುವುದಿಲ್ಲವಂತೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಾಜಿಪೈನ್, ಫಿನೋಬಾರ್ಬಿಟೋನ್ ಇವೂ ಹೀಗೆಯೇ. ಎಚ್‌ಐವಿಯ ಕೆಲವು ಮದ್ದುಗಳೂ. ಸಂಬಂಧ ಆದ ಮೇಲೆ 72 ಗಂಟೆಯೊಳಗೆ ತಗೊಳ್ಳುವ ಎಮರ್ಜೆನ್ಸಿ ಗುಳಿಗೆ ಇದೆಯಲ್ಲ, ಅದರ ಬಲವನ್ನೂ ಇವು ಇಳಿಸುತ್ತವೆ.

ಹಾಗಂತ ಟಿ.ಬಿ. ಮದ್ದನ್ನೋ ಫಿಟ್ಸ್ ಮದ್ದನ್ನೋ ಯಾರೂ ನಿಲ್ಲಿಸಬೇಡಿ, ಅದು ಇನ್ನೂ ದೊಡ್ಡ ಅಪಾಯ. ಬದಲಿಸಬೇಕಾದದ್ದು ಮಕ್ಕಳಾಗದಂತೆ ತಗೊಳ್ಳುವ ಉಪಾಯವನ್ನು. ಗರ್ಭಕೋಶದೊಳಗೆ ಇಡುವ ಕಾಪರ್-ಟಿಗೆ ಈ ತೊಂದರೆ ಇಲ್ಲ, ಅದು ಲಿವರಿನ ದಾರಿಗೇ ಹೋಗುವುದಿಲ್ಲ. ಮೂರು ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ ಇದೆ. ಯಾವುದು ಯಾರಿಗೆ ಅಂತ ಡಾಕ್ಟರ್ ಹೇಳುತ್ತಾರೆ, ಆದರೆ ಅವರಿಗೆ ಗೊತ್ತಾಗಬೇಕಾದರೆ ನಾವು ಬಾಯಿ ಬಿಡಬೇಕಲ್ವಾ?

ಈಗ ಚಕ್ಕೋತದ ನ್ಯಾಯ. ಈ ಮಾತು ಹುಟ್ಟಿದ್ದು ಗ್ರೇಪ್‌ಫ್ರೂಟ್ ಅನ್ನುವ ಹಣ್ಣಿನಿಂದ. ಅದು ನಮ್ಮ ಚಕ್ಕೋತದ ಸಂಬಂಧಿ, ಎರಡರಲ್ಲೂ ಒಂದೇ ಜಾತಿಯ ಅಂಶ ಇದೆ. ಆ ಅಂಶ ಮಾಡುವುದು ಏನು ಗೊತ್ತಾ? ಗಿರಣಿಯನ್ನು ನಿಧಾನ ಮಾಡುತ್ತದೆ. ಅಂದರೆ ರಕ್ತದಲ್ಲಿ ಹಾರ್ಮೋನು ಒಂದಿಷ್ಟು ಜಾಸ್ತಿಯೇ ಆಗಬಹುದು, ಕಡಿಮೆ ಆಗುವುದಿಲ್ಲ. ಅತ್ತೆಯವರು ಹೇಳಿದ್ದಕ್ಕೆ ಪೂರಾ ಉಲ್ಟಾ! ಬಿ.ಪಿ., ಕೊಲೆಸ್ಟ್ರಾಲ್ ಮದ್ದು ಕೆಲವನ್ನು ತಗೊಳ್ಳುವವರು ಈ ಹಣ್ಣಿನ ಬಗ್ಗೆ ಡಾಕ್ಟರ್ ಹತ್ತಿರ ಕೇಳಬೇಕು, ಅದು ನಿಜ. ಆದರೆ ಚಕ್ಕೋತ ತಿಂದು ಬಸಿರಾದಳು ಅನ್ನುವುದು ಸುಳ್ಳು.

ಎಳನೀರು, ಮೊಸರು, ಪುನರ್ಪುಳಿ ಶರಬತ್ತು, ಜೀರಿಗೆ ಕಷಾಯ, ಬಸಳೆ, ಮೀನು, ಏನೂ ಆಗುವುದಿಲ್ಲ. ಪಪ್ಪಾಯಿಗೂ ಗುಳಿಗೆಗೂ ಜಗಳವಿಲ್ಲ. ಕಾಫಿ, ಕಟ್ಟಂಚಾಯ (ಹಾಲಿಲ್ಲದ ಚಹಾ) ಕುಡಿದರೆ ಗುಳಿಗೆ ಕೆಡುವುದಿಲ್ಲ, ಆದರೆ ಒಂದು ತಮಾಷೆ ಇದೆ, ಗುಳಿಗೆಯೇ ಕಾಫಿಯ ಮೇಲೆ ಕೆಲಸ ಮಾಡುತ್ತದೆ. ಈ ಗುಳಿಗೆ ತಗೊಳ್ಳುವವರ ಮೈಯಿಂದ ಕಾಫಿಯ ಕೆಫೀನ್ ಇಳಿಯಲು ಹೆಚ್ಚು ಹೊತ್ತು ಬೇಕಂತೆ. ಸಂಜೆ ಆರಕ್ಕೆ ಸ್ಟ್ರಾಂಗ್ ಚಹಾ ಕುಡಿದು ರಾತ್ರಿ ನಿದ್ದೆ ಇಲ್ಲ ಅಂತ ನನ್ನ ಹತ್ತಿರ ಹೇಳುವವರು ಇಬ್ಬರಿದ್ದಾರೆ, ಅವರಿಗೆ ಇದು.

ಆದರೆ ಹೊಟ್ಟೆಗೆ ಹೋದದ್ದು ಹೊಟ್ಟೆಯಲ್ಲಿ ನಿಲ್ಲಬೇಕು, ಅದು ಬೇರೆ ವಿಷಯ. ಗುಳಿಗೆ ನುಂಗಿ 3 ಗಂಟೆಯೊಳಗೆ ವಾಂತಿಯಾದರೆ ಅದು ಲೆಕ್ಕಕ್ಕಿಲ್ಲ, ಇನ್ನೊಂದು ತಗೊಳ್ಳಬೇಕು. ನಮ್ಮಲ್ಲಿ ಆಟಿ ಅಮಾವಾಸ್ಯೆಗೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಹಾಲೆ ಮರದ ಕಷಾಯ ಕುಡಿಯುತ್ತೇವಲ್ಲ, ಆ ಕಹಿಗೆ ಕೆಲವರಿಗೆ ಹೊಟ್ಟೆ ತೊಳಸಿ ಎಲ್ಲ ಹೊರಗೆ ಬರುತ್ತದೆ. ಬೆಳಿಗ್ಗೆ ಗುಳಿಗೆ ತಗೊಳ್ಳುವ ರೂಢಿ ಇದ್ದವರು ಅಂದು ಗಮನಿಸಬೇಕು, ರಾತ್ರಿ ತಗೊಳ್ಳುವವರಿಗೆ ಚಿಂತೆ ಇಲ್ಲ. ಕರ್ಕಾಟಕ ತಿಂಗಳ ಚಿಕಿತ್ಸೆ ಅಂತ ವಿರೇಚನ (ಭೇದಿಯ ಮದ್ದು ಕೊಟ್ಟು ಹೊಟ್ಟೆ ತೊಳೆಯುವುದು) ಮಾಡಿಸಿಕೊಳ್ಳುವವರೂ ಹಾಗೆ. ಒಂದು ದಿನಕ್ಕಿಂತ ಜಾಸ್ತಿ ಜೋರಾಗಿ ಭೇದಿಯಾದರೆ ಗುಳಿಗೆ ತಪ್ಪಿಸಿದ ಹಾಗೆಯೇ ಅಂದುಕೊಳ್ಳಬೇಕು, ಕಾಂಡೋಮ್ ಇರಲಿ. ಮದ್ಯದ ವಿಷಯ ಕೇಳಿದವರೂ ಇದ್ದಾರೆ (ಹೆಸರು ಹೇಳುವುದಿಲ್ಲ). ಮದ್ಯ ನೇರವಾಗಿ ಗುಳಿಗೆಯನ್ನು ಕೆಡಿಸುವುದಿಲ್ಲ, ವಾಂತಿ ಮತ್ತು ಮರೆವು ಕೆಡಿಸುತ್ತದೆ. ಗ್ಯಾಸಿಗೆ ಅಂತ ಇದ್ದಿಲಿನ ಗುಳಿಗೆ ನುಂಗುವವರು ಮಾತ್ರ ಎರಡನ್ನೂ ಒಟ್ಟಿಗೆ ನುಂಗಬೇಡಿ, ಇದ್ದಿಲು ಹಾರ್ಮೋನನ್ನು ಹೀರಿಕೊಳ್ಳುತ್ತದೆ.

ಗಿಡಮೂಲಿಕೆ ಅಂದರೆ ಎಲ್ಲವೂ ನಿರಪಾಯ ಅನ್ನುವ ಭ್ರಮೆಯೂ ಬೇಡ. ನಮ್ಮ ಕಡೆ ಮನೆಗೊಬ್ಬರು ಗಲ್ಫಿನಲ್ಲಿ, ಬರುವಾಗ ಡಬ್ಬಿ ಡಬ್ಬಿ ಕ್ಯಾಪ್ಸೂಲ್ ತರುತ್ತಾರೆ, ಕೂದಲಿಗೆ, ನಿದ್ದೆಗೆ, ಮನಸ್ಸಿಗೆ ಅಂತ. ಸೇಂಟ್ ಜಾನ್ಸ್ ವರ್ಟ್ ಅಂತ ಒಂದು ಗಿಡ ಇದೆ, ಮನಸ್ಸು ಹಗುರ ಆಗಲು ಮಾರುತ್ತಾರೆ. ಅದು ರಿಫಾಂಪಿಸಿನ್ ಹಾಗೆಯೇ ಗಿರಣಿ ಓಡಿಸುವ ಪೈಕಿ. ಡಬ್ಬಿಯ ಮೇಲೆ ಹಳದಿ ಹೂವಿನ ಚಿತ್ರ ನೋಡಿ ಮೋಸ ಹೋಗಬೇಡಿ.

ಗಲ್ಫಿನ ಮಾತು ಬಂತು, ಹೇಳಿಬಿಡುತ್ತೇನೆ. ಗಂಡ ವಿಮಾನ ಇಳಿಯುವ ದಿನ ಗುಳಿಗೆ ಶುರು ಮಾಡುವವರು ನನ್ನ ಅಂಗಡಿಗೆ ಬರುವವರಲ್ಲೇ ಎಷ್ಟೋ ಜನ. ಮುಟ್ಟಾದ ಮೊದಲ 5 ದಿನದೊಳಗೆ ಶುರು ಮಾಡಿದರೆ ಅಂದಿನಿಂದಲೇ ಕೆಲಸ ಮಾಡುತ್ತದೆ, ಬೇರೆ ದಿನ ಶುರು ಮಾಡಿದರೆ 7 ದಿನ ಬೇಕು. ಇನ್ನೊಂದು, ಬ್ರಹ್ಮಕಲಶ, ಮದುವೆ ಅಂತ ಮುಟ್ಟು ಮುಂದೂಡಲು ಮೆಡಿಕಲಿನಿಂದ ತರುವ ಗುಳಿಗೆ ಇದಲ್ಲ. ಅದನ್ನು ನುಂಗಿ ನಾವು ಸೇಫ್ ಅಂದುಕೊಂಡವರಿದ್ದಾರೆ, ಅಯ್ಯೋ.

ಮತ್ತೆ ಸಾಮಾನ್ಯ ಆಂಟಿಬಯೋಟಿಕ್, ಅಂದರೆ ಗಂಟಲು ನೋವಿಗೆ ಐದು ದಿನ ಕೊಡುವ ಅಮಾಕ್ಸಿಸಿಲಿನ್ ತರಹದ್ದು, ಅದರಿಂದ ಗುಳಿಗೆಗೆ ಏನೂ ಆಗುವುದಿಲ್ಲ. ಹಿಂದೆ ಆಗುತ್ತದೆ ಅಂತಿದ್ದರು, ಈಗ ಹಾಗೆ ಹೇಳುವುದಿಲ್ಲ.

ನಿಜ ಹೇಳಬೇಕೆಂದರೆ ಜಾಸ್ತಿ ಜನರಿಗೆ ಟಿ.ಬಿ.ಯೂ ಇಲ್ಲ, ಫಿಟ್ಸೂ ಇಲ್ಲ. ಅವರ ಗುಳಿಗೆ ಸೋಲುವುದು ಮರೆವಿನಿಂದ. ಒಂದೂ ತಪ್ಪದೆ ತಗೊಂಡರೆ ವರ್ಷದಲ್ಲಿ 100 ಹೆಂಗಸರಲ್ಲಿ ಒಬ್ಬಳೂ ಬಸಿರಾಗುವುದು ಕಷ್ಟ, ನಮ್ಮ ನಿಮ್ಮ ಹಾಗೆ ನಡು ನಡುವೆ ಮರೆತರೆ ಸುಮಾರು 7 ಜನ. ಸರ್ಕಾರ ಕೊಡುವ ಮಾಲಾ-ಎನ್ ಚೀಟಿಯಲ್ಲಿ 28 ಗುಳಿಗೆ, 21 ಹಾರ್ಮೋನು, ಕೊನೆಯ 7 ಬರೀ ಕಬ್ಬಿಣದ್ದು. ಆ ಏಳು ಮುಗಿದ ಮರುದಿನವೇ ಹೊಸ ಚೀಟಿ ಶುರು ಆಗಬೇಕು. ಅಲ್ಲೇ ಎಡವುವುದು. ತವರಿಗೆ ಹೋಗಿರುತ್ತೇವೆ, ಚೀಟಿ ಮುಗಿದಿರುತ್ತದೆ, ನಾಳೆ ತಂದರಾಯಿತು ಅಂತ ಮೂರು ದಿನ ಕಳೆಯುತ್ತದೆ. ಒಂದು ಮರೆತರೆ ನೆನಪಾದ ಕೂಡಲೇ ತಗೊಳ್ಳಿ. ಎರಡು ಅಥವಾ ಜಾಸ್ತಿ ಮರೆತರೆ, ಒಂದನ್ನು ಕೂಡಲೇ ತಗೊಂಡು ಉಳಿದದ್ದನ್ನು ದಿನಾ ಮುಂದುವರಿಸಿ, 7 ದಿನ ಕಾಂಡೋಮ್ ಬಳಸಿ, ಒಮ್ಮೆ ಕೇಳಿಯೂ ಬಿಡಿ.

ಎಲ್ಲಿ ಕೇಳುವುದು ಅನ್ನುವುದೇ ನಮ್ಮ ಗೋಳು. ನಮ್ಮ ಆರೋಗ್ಯ ಕೇಂದ್ರದ ಗೋಡೆಯಲ್ಲಿ ಅಂಟಿಸಿದ್ದೆಲ್ಲ ಮಲಯಾಳ, ಡಬ್ಬಿಯೊಳಗೆ ಮಡಚಿ ಇಟ್ಟ ಕಾಗದ ಇಂಗ್ಲಿಷ್, ಅದೂ ಇರುವೆ ಸಾಲಿನಂತಹ ಅಕ್ಷರ. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಕನ್ನಡದ ಬೋರ್ಡಿಗೆ, ಕನ್ನಡದ ಟೀಚರಿಗೆ ಹೋರಾಡಿದವರು ನಮ್ಮ ಗಂಡಸರು, ಸಂತೋಷ. ಈ ಇರುವೆ ಅಕ್ಷರದ ಕಾಗದವನ್ನೂ ಕನ್ನಡ ಮಾಡಿ ಅಂತ ಯಾರಾದರೂ ಮೆಮೊರಾಂಡಂ ಕೊಟ್ಟದ್ದು ನಾನು ಕೇಳಿಲ್ಲ. ಕುಂಬಳೆಯಿಂದ ಮಂಜೇಶ್ವರದವರೆಗೆ, ಇತ್ತ ಮುಳ್ಳೇರಿಯದವರೆಗೆ ನಿಮ್ಮ ಪತ್ರಿಕೆ ಓದುವ ಮನೆಗಳಿವೆ. ವಾರಕ್ಕೊಂದು ಮನೆಮದ್ದು ಹಾಕುತ್ತೀರಿ, ಅದರ ಪಕ್ಕದಲ್ಲಿ ಯಾವ ಮದ್ದಿನ ಜೊತೆ ಯಾವುದು ಆಗದು ಅಂತ ಒಬ್ಬ ಡಾಕ್ಟರ್ ಹತ್ತಿರ ಬರೆಸಿ ಹಾಕಿದರೆ ಕತ್ತರಿಸಿ ನನ್ನ ಅಂಗಡಿಯ ಕನ್ನಡಿಯ ಪಕ್ಕ ಅಂಟಿಸುತ್ತೇನೆ.

ನಾದಿನಿಗೆ ಆ ಬಸಿರಿನಲ್ಲಿ ಹೆಣ್ಣುಮಗು ಹುಟ್ಟಿತು, ಚೆನ್ನಾಗಿದೆ, ಎರಡು ವರ್ಷ ಆಯಿತು. ಟಿ.ಬಿ. ಮದ್ದನ್ನು ಡಾಕ್ಟರ್ ನಿಲ್ಲಿಸಲಿಲ್ಲ, ಗಂಟೂ ಹೋಯಿತು. ಈಗ ಕಾಪರ್-ಟಿ. ಮಗುವಿಗೆ ಚಕ್ಕೋತ ಅಂದರೆ ಪ್ರಾಣ.

ದಯವಿಟ್ಟು ನನ್ನ ಹೆಸರು ಹಾಕಬೇಡಿ. ಅವಳ ಅತ್ತೆ ಬೆಳಿಗ್ಗೆ ಪೇಪರ್ ಬಂದ ಕೂಡಲೇ ಮೊದಲು ತೆರೆಯುವುದು ಓದುಗರ ಪತ್ರದ ಪುಟವನ್ನೇ.

ಇಂತಿ,
ನಿಮ್ಮ ಓದುಗಳು,
ಬದಿಯಡ್ಕ ಹತ್ತಿರ, ಕಾಸರಗೋಡು