ಆ ಫೋಟೋದಲ್ಲಿರುವ ಮೊಣಕೈ ನನ್ನದು

ಮಾನ್ಯ ಸಂಪಾದಕರೇ,

ಕಳೆದ ಸೋಮವಾರದ ತಮ್ಮ ಪತ್ರಿಕೆಯ ಕ್ರೀಡಾಪುಟದಲ್ಲಿ, ಮುಕ್ತ ಚೆಸ್ ಟೂರ್ನಿಯೊಂದರಲ್ಲಿ ಒಂಬತ್ತು ವರ್ಷದ ಬಾಲಕಿಯೊಬ್ಬಳು ತನಗಿಂತ ಐದು ಪಟ್ಟು ವಯಸ್ಸಿನ ಆಟಗಾರನನ್ನು ಕೇವಲ 23 ನಡೆಗಳಲ್ಲಿ ಮಣಿಸಿ ಎಲ್ಲರನ್ನೂ ಬೆರಗುಗೊಳಿಸಿದಳು ಎಂಬ ಸುದ್ದಿ ಮೂರು ಅಂಕಣದ ಬಣ್ಣದ ಫೋಟೋದೊಂದಿಗೆ ಪ್ರಕಟವಾಗಿದೆ. ಫೋಟೋದಲ್ಲಿ ಬಾಲಕಿ ನಗುತ್ತಿದ್ದಾಳೆ. ಬಲಬದಿಯ ಅಂಚಿನಲ್ಲಿ ನೀಲಿ ತೋಳಿನ ಮೊಣಕೈಯೊಂದು ಮತ್ತು ಕಿವಿಯ ಅರ್ಧ ಭಾಗ ಕಾಣುತ್ತವೆ. ಆ ಮೊಣಕೈ ಹಾಗೂ ಆ ಅರ್ಧ ಕಿವಿ ನನ್ನವು. ಸುದ್ದಿಯಲ್ಲಿರುವ ಒಂದು ತಪ್ಪನ್ನು ತಿದ್ದುವುದು, ಅದರ ಜೊತೆಗೆ ಒಂದೆರಡು ಮಾತು ಹೇಳುವುದು ಈ ಪತ್ರದ ಉದ್ದೇಶ.

ನಾನು ಸೋತದ್ದು 23 ನಡೆಗಳಲ್ಲಲ್ಲ, 61 ನಡೆಗಳಲ್ಲಿ. 23 ಎಂಬುದು ನಾವು ಕುಳಿತಿದ್ದ ಬೋರ್ಡಿನ ಸಂಖ್ಯೆ. ಮೇಜಿನ ಮೇಲೆ ದಪ್ಪಕ್ಷರದಲ್ಲಿ ಬರೆದಿಟ್ಟಿದ್ದ ಆ ಸಂಖ್ಯೆಯನ್ನೇ ತಮ್ಮ ವರದಿಗಾರರು ನಡೆಗಳ ಲೆಕ್ಕವೆಂದು ಭಾವಿಸಿರಬೇಕು. ಎರಡಕ್ಕೂ ಅಂಥ ವ್ಯತ್ಯಾಸವೇನು ಎಂದು ಚೆಸ್ ಆಡದವರು ಕೇಳಬಹುದು. 23 ನಡೆಗಳಲ್ಲಿ ಸೋತವನು ಏನೂ ತಿಳಿಯದವನು; 61 ನಡೆಗಳಲ್ಲಿ ಸೋತವನು ಹೋರಾಡಿದವನು. ಆದರೆ ಸತ್ಯ ಹೇಳುವುದಾದರೆ, ಆ 61ರಲ್ಲಿ ಕೊನೆಯ 11 ನಡೆಗಳ ಕಾಲ ನನ್ನ ಬಳಿ ರಾಜನೊಬ್ಬನನ್ನು ಬಿಟ್ಟು ಬೇರೆ ಒಂದು ಕಾಯಿಯೂ ಇರಲಿಲ್ಲ. ಆಕೆಯ ಬಳಿ ರಾಜ ಮತ್ತು ಆನೆ ಇದ್ದವು. ಅಂಥ ಆಟವನ್ನು ಎಂಥ ಸ್ಥಿತಿಯಿಂದಲೂ ಹೆಚ್ಚೆಂದರೆ 16 ನಡೆಗಳಲ್ಲಿ ಮುಗಿಸಬಹುದು, ಮತ್ತು ಅದು ಚೆಸ್ ಕಲಿಯುವವರಿಗೆ ಮೊದಲ ತಿಂಗಳಲ್ಲೇ ಹೇಳಿಕೊಡುವ ಪಾಠ. ಆಕೆ ಆ ತಿಂಗಳು ಜ್ವರ ಬಂದು ತರಗತಿ ತಪ್ಪಿಸಿಕೊಂಡಿರಬಹುದು ಎಂಬ ಆಸೆಯಿಂದ ನಾನು ಆಡುತ್ತಲೇ ಹೋದೆ.

1956ರಲ್ಲಿ ನ್ಯೂಯಾರ್ಕಿನಲ್ಲಿ 13 ವರ್ಷದ ಬಾಬಿ ಫಿಷರ್ ತನ್ನ ರಾಣಿಯನ್ನೇ ಬಲಿಕೊಟ್ಟು ಡೊನಾಲ್ಡ್ ಬರ್ನ್ ಎಂಬ ಪ್ರಬಲ ಆಟಗಾರರನ್ನು ಸೋಲಿಸಿದ ಆಟವನ್ನು 'ಶತಮಾನದ ಆಟ' ಎಂದು ಕರೆಯುತ್ತಾರೆ. ಸೋಲು ಖಚಿತವಾದ ಮೇಲೂ ಬರ್ನ್ ಗಡಿಯಾರ ನಿಲ್ಲಿಸಿ ಎದ್ದುಹೋಗದೆ, 41ನೇ ನಡೆಯಲ್ಲಿ ಬೋರ್ಡಿನ ಮೇಲೆಯೇ ರಾಜ ಸಿಕ್ಕಿಬಿದ್ದು ಮೇಟ್ ಆಗುವವರೆಗೂ ಕುಳಿತರು. ಹುಡುಗ ಅಷ್ಟು ಸೊಗಸಾಗಿ ಆಡಿದ್ದಾನೆ, ಅದನ್ನು ಪೂರ್ತಿ ಮುಗಿಸಲಿ ಎಂಬ ಸೌಜನ್ಯದಿಂದ ಅವರು ಹಾಗೆ ಮಾಡಿದರೆಂದು ಚೆಸ್ ಬಲ್ಲವರು ಈಗಲೂ ಗೌರವದಿಂದ ಹೇಳುತ್ತಾರೆ. ನಾನೂ ಮೇಟ್ ಆಗುವವರೆಗೆ ಕುಳಿತಿದ್ದೆ. ಆಕೆ ಅವಸರದಲ್ಲಿ ಎಡವಿ, ನನ್ನ ರಾಜನಿಗೆ ಶಹ ಕೊಡದೆಯೇ ನಡೆಯೂ ಉಳಿಸದೆ ಸ್ಟೇಲ್‌ಮೇಟ್ ಮಾಡಿ ನನಗೆ ಅರ್ಧ ಅಂಕ ಬಿಟ್ಟುಕೊಟ್ಟಾಳೆಂದು ಕಾದು ಕುಳಿತಿದ್ದೆ. ನಡೆಗಳನ್ನು ಬರೆದಿಡುವ ಸ್ಕೋರ್‌ಶೀಟಿನಲ್ಲಿ ಬರ್ನ್ ಅವರ ಸೌಜನ್ಯಕ್ಕೂ ನನ್ನ ದುರಾಸೆಗೂ ವ್ಯತ್ಯಾಸ ಕಾಣುವುದಿಲ್ಲವೆಂಬುದು ನನ್ನ ಪಾಲಿನ ಸಮಾಧಾನ.

ಆ ದಿನ ನಡೆದದ್ದನ್ನು ವರದಿಗಾರರು ಹತ್ತಿರದಿಂದ ನೋಡಿದಂತಿಲ್ಲ, ನೋಡಿದವನು ನಾನು. ಆಟದ ನಿಯಮದಂತೆ ತಲಾ 90 ನಿಮಿಷ, ಪ್ರತಿ ನಡೆಗೆ 30 ಸೆಕೆಂಡಿನ ಹೆಚ್ಚುವರಿ. ಬಾಲಕಿ ಕುರ್ಚಿಯ ಮೇಲೆ ಮಂಡಿಯೂರಿ ಕುಳಿತು, ತುದಿಯಲ್ಲಿ ಮೊಲದ ತಲೆಯಿದ್ದ ಪೆನ್ಸಿಲಿನಿಂದ ನಡೆಗಳನ್ನು ಬರೆದುಕೊಳ್ಳುತ್ತಿದ್ದಳು. ನನ್ನ ಸರದಿ ಬಂದ ಕೂಡಲೇ ಜಿಗಿದಿಳಿದು ಗೆಳತಿಯರ ಬೋರ್ಡುಗಳನ್ನು ನೋಡಲು ಹೋಗಿಬಿಡುತ್ತಿದ್ದಳು. 19ನೇ ನಡೆಗೆ ನಾನು 22 ನಿಮಿಷ ಯೋಚಿಸಿದೆ. ತಲೆಯಲ್ಲಿ ಕುದುರೆಗಳನ್ನು ಓಡಿಸಿ, ಹಿಂದಕ್ಕೆ ಕರೆತಂದು, ಮತ್ತೆ ಓಡಿಸಿ, ಕೊನೆಗೆ ಒಂದು ಸೈನಿಕನನ್ನು ಒಂದು ಮನೆ ಮುಂದಿಟ್ಟು ಗಡಿಯಾರ ಒತ್ತಿದೆ. ಆಕೆ ಓಡಿ ಬಂದಳು, ಕೂರಲಿಲ್ಲ, ನಿಂತಲ್ಲಿಂದಲೇ ಕೈ ಚಾಚಿ ಕಾಯಿ ನಡೆಸಿ, ಗಡಿಯಾರ ಒತ್ತಿ, ಮತ್ತೆ ಹೊರಟುಹೋದಳು. ನಾಲ್ಕು ಸೆಕೆಂಡು ಹಿಡಿದಿರಬಹುದು. ನನ್ನ ಮದುವೆಯಲ್ಲಿ, ಕಚೇರಿಯಲ್ಲಿ, ಬ್ಯಾಂಕಿನ ಸಾಲದ ಅರ್ಜಿಯ ಮುಂದೆ ನಾನು ಅವಮಾನಗಳನ್ನು ಕಂಡವನೇ. ಆದರೆ ಯಾರೂ ನಿಂತುಕೊಂಡು ಅವಮಾನ ಮಾಡಿರಲಿಲ್ಲ.

ಎದುರಾಳಿಯ ಗಮನ ಕೆಡಿಸುವುದನ್ನು ಚೆಸ್ ನಿಯಮಾವಳಿಯ 11.5ನೇ ವಿಧಿ ನಿಷೇಧಿಸುತ್ತದೆ. ಬಾಲಕಿ ಮಂಡಿಯೂರದೆ ಕುಳಿತಾಗಲೆಲ್ಲ ಕಾಲು ಬೀಸುತ್ತಾಳೆಂದು ನಾನು ಆರ್ಬಿಟರ್, ಅಂದರೆ ಟೂರ್ನಿಯ ತೀರ್ಪುಗಾರ, ಅವರಿಗೆ ಆ ವಿಧಿಯಡಿ ದೂರು ಸಲ್ಲಿಸಿದೆ. ಅವರು ಬಗ್ಗಿ ಮೇಜಿನ ಕೆಳಗೆ ನೋಡಿ, 'ಸರ್, ಮಗುವಿನ ಕಾಲು ನೆಲಕ್ಕೆ ಎಟುಕುವುದಿಲ್ಲ, ಬೀಸದೆ ಇನ್ನೇನು ಮಾಡುತ್ತದೆ' ಎಂದರು. ಅದೇ ವಿಧಿಯ ಪ್ರಕಾರ ಅನುಚಿತವಾದ ದೂರುಗಳನ್ನು ನೀಡುವುದೂ ಎದುರಾಳಿಯ ಗಮನ ಕೆಡಿಸಿದಂತೆಯೇ ಎಂಬುದನ್ನು ಮೆಲುದನಿಯಲ್ಲಿ ನೆನಪಿಸಿದರು.

34ನೇ ನಡೆಯಲ್ಲಿ ಆಕೆ ಆನೆಯನ್ನು ಮುಟ್ಟಿ, ಒಂದು ಕ್ಷಣ ತಡೆದು, ಅದನ್ನು ಬಿಟ್ಟು ಕುದುರೆಯನ್ನು ನಡೆಸಿದಳು. ಆಡಲೆಂದು ಮುಟ್ಟಿದ ಕಾಯಿಯನ್ನೇ ಆಡಬೇಕೆಂಬುದು ನಿಯಮ. ನನ್ನ ಎದೆ ಹೇಗೆ ಹೊಡೆದುಕೊಂಡಿತೆಂದರೆ, ಹೆರಿಗೆ ವಾರ್ಡಿನ ಹೊರಗೂ ಅದು ಹಾಗೆ ಹೊಡೆದುಕೊಂಡಿರಲಿಲ್ಲ. ಗಡಿಯಾರ ನಿಲ್ಲಿಸಿ ಆರ್ಬಿಟರ್ ಅವರನ್ನು ಕರೆದೆ. ಅವರು ಕೇಳಿದಾಗ ಬಾಲಕಿ, 'ಹೌದು, ಮುಟ್ಟಿದೆ' ಎಂದು ಒಪ್ಪಿಕೊಂಡಳು. ಕಣ್ಣಲ್ಲಿ ನೀರು ತುಂಬಿತು. ಕುದುರೆಯನ್ನು ಹಿಂದಕ್ಕಿಟ್ಟು ಆನೆಯನ್ನು ನಡೆಸಿದಳು. ಮನೆಗೆ ಹೋಗಿ ಕಂಪ್ಯೂಟರಿನಲ್ಲಿ ಪರಿಶೀಲಿಸಿದೆ. ಕುದುರೆಯ ನಡೆ ಉಳಿದಿದ್ದರೆ ಆಟ ಸಮವಾಗಿ ಸಾಗುತ್ತಿತ್ತು; ನನ್ನನ್ನು ಸೋಲಿಸಿದ್ದು ಆ ಆನೆ. ಅಂದರೆ, ಅಂದು ನಾನು ಗೆದ್ದದ್ದು ಆ ದೂರನ್ನು ಮಾತ್ರ, ಸೋತದ್ದು ಅದರಿಂದಲೇ.

ಇನ್ನು ತಮ್ಮ ಸುದ್ದಿಯ 'ಬೆರಗು' ಎಂಬ ಪದದ ವಿಚಾರ. ಮಕ್ಕಳು ದೊಡ್ಡವರನ್ನು ಸೋಲಿಸುವುದು ಪತ್ರಿಕೆಗಳಿಗೆ ಬೆರಗು, ಟೂರ್ನಿಯ ಸಭಾಂಗಣದೊಳಗೆ ಅದು ನಿತ್ಯದ ವ್ಯವಹಾರ. ನಮ್ಮಲ್ಲಿ ಕೆಲವರು ಮಕ್ಕಳನ್ನು ಹೆಸರಿನಿಂದಲ್ಲ, ಚೀಲದಿಂದ ಗುರುತಿಸುತ್ತೇವೆ. 'ಇವತ್ತು ಯಾರ ಜೊತೆ?' ಎಂದು ಕೇಳಿದರೆ, 'ಕೆಂಪು ಚೀಲ' ಎಂಬ ಉತ್ತರ ಬರುತ್ತದೆ. ಕೇಳಿದವರು ತಲೆ ತಗ್ಗಿಸಿ ಭುಜ ತಟ್ಟುತ್ತಾರೆ. ಸುತ್ತು ಮುಗಿದ ಮೇಲೆ ಬಾಗಿಲಿನಾಚೆ ನಿಂತ ಪೋಷಕರ ನಡುವೆ ಹಾದುಹೋಗುವುದು ಆಟಕ್ಕಿಂತ ಕಷ್ಟದ್ದು. 'ಅಂಕಲ್ ಚೆನ್ನಾಗಿ ಆಡಿದರಾ?' ಎಂದು ತಾಯಿಯೊಬ್ಬರು ಮಗಳನ್ನು ಕೇಳಿದ್ದು, ಆಕೆ ಸ್ವಲ್ಪ ಯೋಚಿಸಿ 'ಪರವಾಗಿಲ್ಲ' ಎಂದದ್ದು ನನ್ನ ಕಿವಿಗೆ ಬಿತ್ತು. ಫೋಟೋದಲ್ಲಿರುವ ಅದೇ ಅರ್ಧ ಕಿವಿಗೆ.

ಇದರ ಹಿಂದೆ ಲೆಕ್ಕವಿದೆ. ಅಂದಿನ ಪಟ್ಟಿಯಲ್ಲಿ ನನ್ನ ರೇಟಿಂಗ್, ಅಂದರೆ ಆಟದ ಬಲವನ್ನು ಅಳೆಯುವ ಅಂಕ, 1,742, ಆಕೆಯದು 1,592. ವ್ಯತ್ಯಾಸ 150 ಇದ್ದಾಗ ಹತ್ತು ಆಟಗಳಲ್ಲಿ ನಾನು ಏಳು ಅಂಕ ಗಳಿಸಬೇಕೆಂದು ಅಂತರರಾಷ್ಟ್ರೀಯ ಚೆಸ್ ಫೆಡರೇಷನ್ನಿನ ಕೋಷ್ಟಕ ನಿರೀಕ್ಷಿಸುತ್ತದೆ. ಆದರೆ ರೇಟಿಂಗ್ ಎಂಬುದು ಹಿಂದಿನ ಆಟಗಳ ದಾಖಲೆ. 46 ವರ್ಷದವನ ವಿಷಯದಲ್ಲಿ ಹಿಂದಿನದು ಮತ್ತು ಇಂದಿನದು ಒಂದೇ. ಒಂಬತ್ತು ವರ್ಷದ ಮಗು ಎರಡು ಟೂರ್ನಿಗಳ ನಡುವಿನ ರಜೆಯಲ್ಲಿ, ಮೊಬೈಲಿನಲ್ಲಿ ಸಾವಿರ ಒಗಟು ಬಿಡಿಸಿ, ಬೇರೆಯೇ ಆಟಗಾರ್ತಿಯಾಗಿ ಬಂದು ಹಳೆಯ ಅಂಕವನ್ನೇ ಎದೆಗೆ ಅಂಟಿಸಿಕೊಂಡು ಕೂರುತ್ತದೆ. ಫೆಡರೇಷನ್ನಿಗೂ ಇದು ಗೊತ್ತು. ಆದ್ದರಿಂದಲೇ 18 ತುಂಬದ, 2,300ಕ್ಕಿಂತ ಕಡಿಮೆ ರೇಟಿಂಗಿನ ಮಕ್ಕಳಿಗೆ ಆಟದಲ್ಲಿ ನಿರೀಕ್ಷಿಸಿದ ಅಂಕಕ್ಕೂ ಪಡೆದ ಅಂಕಕ್ಕೂ ಇರುವ ಅಂತರವನ್ನು 40ರಿಂದ ಗುಣಿಸುತ್ತಾರೆ, ನನ್ನಂಥವರಿಗೆ 20ರಿಂದ. ಆ ಒಂದು ಆಟದಲ್ಲಿ ನಾನು ಕಳೆದುಕೊಂಡದ್ದು 14 ಅಂಕ, ಆಕೆ ಗಳಿಸಿದ್ದು 28. ನನ್ನಿಂದ ಹೋದದ್ದಕ್ಕಿಂತ ಹೆಚ್ಚಿನದು ಎಲ್ಲಿಂದ ಬಂತೆಂದು ಆ ರಾತ್ರಿ ಬಹಳ ಹೊತ್ತು ಯೋಚಿಸಿದೆ.

ನನ್ನ 1,742ರ ಬಗ್ಗೆಯೂ ಹೇಳಿಬಿಡುತ್ತೇನೆ. ಕೆಳಹಂತದ ರೇಟಿಂಗುಗಳು ಒಟ್ಟಾರೆ ಕುಸಿದಿವೆಯೆಂದು ಫೆಡರೇಷನ್ 2024ರ ಮಾರ್ಚ್ 1ರಂದು, 2,000ಕ್ಕಿಂತ ಕಡಿಮೆ ಇದ್ದ ಎಲ್ಲರಿಗೂ, 2,000ಕ್ಕೆ ಎಷ್ಟು ಕಡಿಮೆಯಿದೆಯೋ ಅದರ ಶೇ 40ರಷ್ಟನ್ನು ಒಮ್ಮೆಲೇ ಸೇರಿಸಿತು. 1,570 ಇದ್ದ ನಾನು ಬೆಳಿಗ್ಗೆ ಎದ್ದಾಗ 1,742 ಆಗಿದ್ದೆ. ನನ್ನ ಚೆಸ್ ಜೀವನದ ಅತಿದೊಡ್ಡ ಪ್ರಗತಿ ನಡೆದದ್ದು ನಾನು ನಿದ್ದೆಯಲ್ಲಿದ್ದಾಗ. ಅಲ್ಲಿಂದಾಚೆಗೆ ಆ ಅಂಕವನ್ನು ಕಾಪಾಡಿಕೊಳ್ಳಲು ಖಚಿತವಾದ ಒಂದೇ ಮಾರ್ಗವನ್ನು ಅನುಸರಿಸಿದೆ: ಆಡಲಿಲ್ಲ. ಈ ಟೂರ್ನಿಗೆ ಹೋದದ್ದೇ ತಪ್ಪು.

ಮಕ್ಕಳ ಜೊತೆ ಆಡಬೇಡಿ, ನಿಮ್ಮ ವಯಸ್ಸಿನವರ ಜೊತೆ ಆಡಿ ಎಂದು ಹಿತೈಷಿಗಳು ಹೇಳುತ್ತಾರೆ. ವಿಶ್ವ ಮಟ್ಟದಲ್ಲಿ 8, 10, 12, 14, 16, 18 ವರ್ಷದೊಳಗಿನವರಿಗೆ ಬೇರೆ ಬೇರೆ ಚಾಂಪಿಯನ್‌ಷಿಪ್‌ಗಳಿವೆ. 20ರೊಳಗಿನ ಜೂನಿಯರ್ ವಿಭಾಗವಿದೆ. ಆಮೇಲೆ ಹಿರಿಯರ ವಿಭಾಗ ಶುರುವಾಗುವುದು 50ಕ್ಕೆ, ಮುಂದಿನದು 65ಕ್ಕೆ. 20ರಿಂದ 50ರವರೆಗೆ ಮನುಷ್ಯನಿಗೆ ವಯಸ್ಸೇ ಇಲ್ಲ. ಐವತ್ತಾಗಲು ನನಗಿನ್ನೂ ನಾಲ್ಕು ವರ್ಷ ಬಾಕಿಯಿದೆ. ಅಲ್ಲಿಯವರೆಗೆ ಕೆಂಪು ಚೀಲ, ಹಳದಿ ಚೀಲಗಳ ನಡುವೆಯೇ ದಿನ ದೂಡಬೇಕು.

ನನ್ನ ಆಕ್ಷೇಪ ಬಾಲಕಿಯ ಫೋಟೋ ಹಾಕಿದ್ದಕ್ಕಲ್ಲ. ಆಕೆ ಚೆನ್ನಾಗಿಯೇ ಆಡಿದಳು, ಅದನ್ನು ಬರೆಯುವಾಗ ನನ್ನ ಕೈ ತುಸು ನಡುಗಿದರೂ. ಇಂಥ ಸುದ್ದಿಗಳಲ್ಲಿ ಸೋತವನನ್ನು ಒಂದು ಮೊಣಕೈಯಾಗಿಸಿ ಬಿಡುತ್ತೀರಲ್ಲ, ಅದಕ್ಕೆ. 1920ರಲ್ಲಿ ಫ್ರಾನ್ಸಿನಲ್ಲಿ ಎಂಟು ವರ್ಷದ ಸ್ಯಾಮ್ಯುಯೆಲ್ ರೆಶೆವ್‌ಸ್ಕಿ ಹಲವು ಹಿರಿಯರೊಡನೆ ಏಕಕಾಲಕ್ಕೆ ಆಡುತ್ತಿರುವ ಪ್ರಸಿದ್ಧ ಫೋಟೋ ಒಂದಿದೆ. ಪುಟ್ಟ ಹುಡುಗ ಬೋರ್ಡನ್ನು ದಿಟ್ಟಿಸುತ್ತಾನೆ, ಗಡ್ಡದ ಮಹನೀಯರು ಅವನನ್ನು ನೋಡುತ್ತ ಕುಳಿತಿದ್ದಾರೆ. ನೂರು ವರ್ಷಗಳಿಂದ ಎಲ್ಲರೂ ಹುಡುಗನನ್ನು ನೋಡುತ್ತಾರೆ. ನಾನು ಮಾತ್ರ ಆ ಗಡ್ಡಗಳನ್ನು ನೋಡುತ್ತೇನೆ. ಅವರು ಅಂದು ಮನೆಗೆ ಹೋಗಿ ಹೆಂಡತಿಗೆ ಏನು ಹೇಳಿದರು? 2024ರ ಫೆಬ್ರುವರಿಯಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಎಂಟು ವರ್ಷದ ಅಶ್ವತ್ಥ್ ಕೌಶಿಕ್ 37 ವರ್ಷದ ಪೋಲಿಷ್ ಗ್ರ್ಯಾಂಡ್‌ಮಾಸ್ಟರ್ ಯಾಟ್ಸೆಕ್ ಸ್ಟೋಪಾ ಅವರನ್ನು ಸೋಲಿಸಿದಾಗ ವರದಿಗಳಲ್ಲಿ ಕನಿಷ್ಠ ಸೋತವರ ಹೆಸರು ಬಂತು. ಗ್ರ್ಯಾಂಡ್‌ಮಾಸ್ಟರ್ ಸೋತರೆ ಹೆಸರು, ನಾನು ಸೋತರೆ ಮೊಣಕೈ.

ನನಗಿರುವ ಒಂದೇ ಆಸೆ ಆಕೆ ವಿಶ್ವ ಚಾಂಪಿಯನ್ ಆಗಲಿ ಎಂಬುದು. ಇದು ಔದಾರ್ಯವಲ್ಲ. ಡಿ. ಗುಕೇಶ್ 12 ವರ್ಷ 7 ತಿಂಗಳ ವಯಸ್ಸಿನಲ್ಲಿ ಗ್ರ್ಯಾಂಡ್‌ಮಾಸ್ಟರ್ ಆದರು, 2024ರ ಡಿಸೆಂಬರಿನಲ್ಲಿ 18ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದರು. ಅದಕ್ಕೂ ಮೊದಲು ಯಾವುದೋ ಸಭಾಂಗಣದ ಯಾವುದೋ ಮೂಲೆಯಲ್ಲಿ ಅವರ ಕೈಯಲ್ಲಿ ಸೋತು ಮುಖ ಸಣ್ಣ ಮಾಡಿಕೊಂಡ ಹಿರಿಯರು ಇದ್ದೇ ಇರುತ್ತಾರೆ, ಇಂದು ಅವರು ಆ ಸ್ಕೋರ್‌ಶೀಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿರಬಹುದು. ಸೋಲಿನ ಬೆಲೆ ಗೆದ್ದವರು ಮುಂದೆ ಏನಾದರು ಎಂಬುದರ ಮೇಲೆ ನಿಂತಿದೆ. ಆ ಲೆಕ್ಕದಲ್ಲಿ ನನ್ನ ಬಂಡವಾಳವೆಲ್ಲ ಈಗ ಈ ಹುಡುಗಿಯ ಮೇಲಿದೆ. ಬಹುಮಾನ ವಿತರಣೆಯ ದಿನ ಆಕೆ ಗೆಳತಿಗೆ, ಮುಂದಿನ ವರ್ಷ ಚೆಸ್ ಬಿಟ್ಟು ಸ್ಕೇಟಿಂಗ್ ಸೇರುತ್ತೇನೆ ಎನ್ನುತ್ತಿದ್ದುದನ್ನು ಕೇಳಿಸಿಕೊಂಡೆ. ಹೆತ್ತವರು ಆಕೆಯನ್ನು ಕೂರಿಸಿಕೊಂಡು ಸಾವಧಾನವಾಗಿ ಮಾತನಾಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಒಂದನೇ ತಾರೀಖಿನ ಹೊಸ ಪಟ್ಟಿ ಬಂದಿದೆ. ಅದೇ ಟೂರ್ನಿಯಲ್ಲಿ ಇನ್ನೂ ಇಬ್ಬರು ಮಕ್ಕಳ ಕೈಯಲ್ಲಿ ಸೋತ ನಾನು 1,709ಕ್ಕೆ ಇಳಿದಿದ್ದೇನೆ. ಇನ್ನೂ ಹಲವು ಹಿರಿಯರನ್ನು ಮುಗಿಸಿದ ಆಕೆ 1,731ಕ್ಕೆ ಏರಿದ್ದಾಳೆ. ಮುಂದಿನ ತಿಂಗಳ ಟೂರ್ನಿಗೆ ಇಬ್ಬರೂ ಹೆಸರು ಕೊಟ್ಟಿದ್ದೇವೆ, ಆಕೆಯ ಹೆಸರು ನನ್ನದಕ್ಕಿಂತ ಮೇಲಿದೆ. ಕೋಷ್ಟಕದ ಪ್ರಕಾರ ಈಗ ಆಕೆ ಗೆಲ್ಲಬೇಕಾದವಳು, ನಾನು ಗೆದ್ದರೆ ಅದೇ ಅಚ್ಚರಿ. ಹಾಗಾದ ದಿನ ತಮ್ಮ ಛಾಯಾಗ್ರಾಹಕರನ್ನು ಕಳುಹಿಸಿಕೊಡಬೇಕು, ಮತ್ತು ಅವರು ಬೋರ್ಡಿನ ಆ ಬದಿಯಿಂದ ನಿಂತು ನನ್ನ ಪೂರ್ತಿ ಮುಖ ಬರುವಂತೆ ತೆಗೆಯಬೇಕು. ಮಗುವಿನ ಮೊಣಕೈ ಕಂಡರೆ ಸಾಕು.

ಸದ್ಯಕ್ಕೆ ನಡೆಗಳ ಸಂಖ್ಯೆಯನ್ನು 61 ಎಂದು ತಿದ್ದಿ ಪ್ರಕಟಿಸಬೇಕಾಗಿ ವಿನಂತಿ. ಪತ್ರದ ಕೆಳಗೆ ನನ್ನ ಹೆಸರು ಹಾಕಬೇಡಿ. ಆ ಮೊಣಕೈ ಯಾರದೆಂದು ಕಚೇರಿಯಲ್ಲಿ ಇನ್ನೂ ಯಾರಿಗೂ ಗೊತ್ತಾಗಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಬೋರ್ಡ್ ಸಂಖ್ಯೆ 23ರ ಆಟಗಾರ